ವಿಶಾಖಾಳ ಕಿವಿ, ಅಕ್ಕನ ಹರಕೆ

ನಮ್ಮ ಅಕ್ಕ ಯಮನಮ್ಮನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ಮಗಳು ವಿಶಾಖಾಳ ಕಿವಿಗಳ ಮಾತು ಬಂದಾಗಲೆಲ್ಲ ಗೋಡೆಯ ಮೇಲಿನ ಬುದ್ಧನ ಫೋಟೋ ತೋರಿಸಿ, “ನೋಡು, ಆತಂದೂ ದೊಡ್ಡ ಕಿವಿನ. ಅಂಥಾ ಕಿವಿ ಪುಣ್ಯವಂತರಿಗೆ ಬರ್ತಾವ” ಅನ್ನುತ್ತಿದ್ದಳು.

“ಆತನ ಕಿವಿ ಉದ್ದ ಅದಾವ ಯವ್ವಾ, ತಲಿಗೆ ಹತ್ತಿಕೊಂಡಾವ. ನನ್ನವು ಬಾಗಲಾ ತೆಗದಂಗ ಅದಾವ” ಎಂದು ವಿಶಾಖಾ ಮುಖ ತಿರುಗಿಸುತ್ತಿದ್ದಳು.

ಆ ಫೋಟೋ ತಂದವರು ನಮ್ಮ ಭಾವ, ಮಗಳಿಗೆ ಹೆಸರಿಟ್ಟವರೂ ಅವರೇ. ಅವರು ತೀರಿಕೊಂಡ ಮೇಲೆ ಅಕ್ಕ ಬುದ್ಧನನ್ನು ಗೋಡೆಯಿಂದ ಇಳಿಸಲಿಲ್ಲ, ಓಣಿಯ ದುರಗಮ್ಮನನ್ನೂ ಬಿಡಲಿಲ್ಲ. ದೇವದುರ್ಗದ ಆ ಎರಡು ಕೋಣೆಯ ಮನೆಯಲ್ಲಿ ಇಬ್ಬರಿಗೂ ಜಾಗವಿತ್ತು.

ವಿಶಾಖಾ ಬಸ್ ಕಂಡಕ್ಟರ್. ಮಾನ್ವಿಯಿಂದ ರಾಯಚೂರಿಗೆ ಹೋಗಿಬರುವ ಬಸ್ಸಿನಲ್ಲಿ ಡ್ಯೂಟಿ, ಮಾನ್ವಿಯ ನನ್ನ ಮನೆಯಲ್ಲೇ ವಾಸ. ನಾನು ಅಲ್ಲಿ ಶಾಲೆಯ ಟೀಚರು, ಅವಳ ಚಿಗವ್ವ. ಚಿಕ್ಕವಳಿದ್ದಾಗ ಹುಡುಗರು “ಆನಿಗಿವಿ” ಎಂದು ಕರೆದದ್ದೇ ತಡ, ಕಿವಿ ಮುಚ್ಚುವ ಹಾಗೆ ಕೂದಲು ಸಡಿಲ ಬಿಟ್ಟು ಹೆಣೆಯುವುದನ್ನು ಕಲಿತುಬಿಟ್ಟಳು. ನಮ್ಮ ಕಡೆಯ ಬಿಸಿಲು ಎಂಥದ್ದೆಂದು ಹೇಳಬೇಕೇ? ಕತ್ತೆಲ್ಲ ಬೆವರುಸಾಲೆ ಎದ್ದರೂ ಕೂದಲು ಎತ್ತಿ ಕಟ್ಟಿದವಳಲ್ಲ. ಕಲ್ಲೂರು ದಾಟಿ ಬಸ್ಸು ವೇಗ ಹಿಡಿದರೆ ಕಿಟಕಿಯ ಗಾಳಿಗೆ ಕೂದಲು ಹಾರುತ್ತದೆ. ಒಂದು ಕೈಯಲ್ಲಿ ಟಿಕೆಟ್ ಮಷೀನು, ಇನ್ನೊಂದು ಕೈಯಲ್ಲಿ ಕೂದಲು. ಚಿಲ್ಲರೆ ಕೊಡಲು ಮೂರನೇ ಕೈ ಎಲ್ಲಿಂದ ತರಬೇಕು? ನೋಡಿ ನೋಡಿ ನನಗೇ ಸಿಟ್ಟು ಬರುತ್ತಿತ್ತು.

ಒಂದು ದಿನ ಊಟಕ್ಕೆ ಕುಳಿತಾಗ, “ಚಿಗವ್ವಾ, ರಾಯಚೂರಾಗ ಡಾಕ್ಟರಗ ಕೇಳಿ ಬಂದೀನಿ. ಕಿವಿ ಹಿಂದ ಕೊಯ್ದು, ಒಳಗಿನ ಮೆತ್ತನ ಎಲುಬು ಮಡಿಚಿ ಹೊಲಿತಾರಂತ. ನಾ ಮಾಡಿಸ್ಕೊಳ್ಳಾಕಿ” ಅಂದಳು. ನನ್ನನ್ನು ಕೇಳಲಿಲ್ಲ, ಹೇಳಿದಳು.

ಸುದ್ದಿ ಮುಟ್ಟಿದ್ದೇ ಅಕ್ಕ ದೇವದುರ್ಗದಿಂದ ಮೊದಲ ಬಸ್ಸಿಗೆ ಬಂದಿಳಿದಳು. “ದೇವರು ಕೊಟ್ಟ ಕಿವಿ ಕೊಯ್ಸಾಕ ನಿನಗೇನ್ ಬಂದದ? ಕಿವುಡಿ ಆದರ ಏನ್ ಮಾಡ್ತಿ? ಯಾರು ನೋಡ್ತಾರ ನಿನ್ನ ಕಿವಿ?”

“ನಾ ನೋಡ್ತೀನಿ. ದಿನಾ ಕನ್ನಡಿ ಒಳಗ ಮೊದಲ ಅವನ್ನ ನೋಡ್ತೀನಿ. ಸಾಕಾಗ್ಯದ ಯವ್ವಾ.”

ಅಕ್ಕ ಅತ್ತಳು, ಬೈದಳು, ಊಟ ಬಿಟ್ಟಳು. ಮಗಳು ರಜೆ ಹಾಕಿ ಬಂದಳು. ಭಾವನ ಹಟವೆಲ್ಲ ಇವಳ ಪಾಲಿಗೇ ಬಂದಿದೆ.

ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕನ ತುಟಿ ಒಂದೇ ಸಮನೆ ಅಲುಗುತ್ತಿತ್ತು. ಬುದ್ಧನಿಗೋ ದುರಗಮ್ಮನಿಗೋ ಎಂದು ನಾನು ಕೇಳಲಿಲ್ಲ. ಹುಡುಗಿ ತಲೆಗೆ ಪಟ್ಟಿ ಸುತ್ತಿಸಿಕೊಂಡು ನಗುತ್ತ ಹೊರಬಂದಳು. ವಾರದ ಮೇಲೆ ಪಟ್ಟಿ ಬಿಚ್ಚಿದಾಗ ಕಿವಿಗಳು ಬಾತುಕೊಂಡಿದ್ದರೂ ತಲೆಗೆ ಒರಗಿ ಕುಳಿತಿದ್ದವು. ಕನ್ನಡಿ ಹಿಡಿದು ಅವಳು ಗಳಗಳನೆ ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಆಗ ಅಕ್ಕ ಬಾಯಿಬಿಟ್ಟಳು. “ದುರಗಮ್ಮಗ ಹರಕಿ ಹೊತ್ತೀನಿ. ಏನೂ ಆಗಲಾರದ ಹೊರಗ ಬಂದರ ಇಕಿ ಮುಡಿ ಕೊಡಿಸ್ತೀನಿ ಅಂದೀನಿ. ಪೂರಾ ಮುಡಿ.”

ನನಗೆ ಮೈಯೆಲ್ಲ ಉರಿದುಹೋಯಿತು. “ಕೊಡಾಕ ನಿನ್ನ ತಲಿ ಇರಲಿಲ್ಲೇನು? ಮಗಳ ತಲಿನ ಬೇಕಾಗಿತ್ತಾ?” ಅಂದೆ. ಹುಡುಗಿ ಇಷ್ಟೆಲ್ಲ ಪಾಡುಪಟ್ಟದ್ದು ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿಕೊಂಡು ಜನರ ನಡುವೆ ಆರಾಮಾಗಿ ನಿಲ್ಲಬೇಕೆಂದು. ಬೋಳುತಲೆಯಲ್ಲಿ ಬಸ್ಸು ಹತ್ತಿದರೆ ಕಿವಿ ಹಿಂದಿನ ಗಾಯದ ಗೆರೆಯೂ ಊರಿಗೆಲ್ಲ ಕಾಣುತ್ತದೆ. ದುರಗಮ್ಮನ ಪೂಜಾರಿಯೇ ಕೂದಲಿನ ಮೂರು ಕುಡಿ ಕತ್ತರಿಸಿದರೆ ಸಾಕು ಅಂದ. ಅಕ್ಕ ಒಪ್ಪಲಿಲ್ಲ. “ಪೂರಾ ಅಂತ ಬಾಯಿಲೆ ಅಂದೀನಿ. ತಪ್ಪಿದರ ಇಕಿ ಕಿವಿ ಕೊಳಿತಾವ” ಎಂದು ಮೂಲೆ ಹಿಡಿದು ಕುಳಿತಳು.

ವಿಶಾಖಾಳಿಗೆ ದುರಗಮ್ಮನಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಸೊರಗುತ್ತಿದ್ದ ಅವ್ವ ಕಾಣುತ್ತಿದ್ದಳು, ಅಷ್ಟೇ. ಗಾಯ ಪೂರ್ತಿ ಮಾಯ್ದಿದೆ ಎಂದು ಡಾಕ್ಟರು ಹೇಳುವವರೆಗೆ ಕಾದಳು. ಆಮೇಲೆ ಒಂದು ಮಂಗಳವಾರ ದೇವದುರ್ಗಕ್ಕೆ ಹೋಗಿ ಗುಡಿಯ ಮುಂದೆ ಕ್ಷೌರಿಕನ ಎದುರು ಕುಳಿತೇಬಿಟ್ಟಳು.

“ಇನ್ನೊಮ್ಮೆ ವಿಚಾರ ಮಾಡು” ಅಂದೆ ನಾನು.

“ಏನ್ ವಿಚಾರ ಚಿಗವ್ವಾ? ಈ ಕೂದಲ ಬೆಳಿಸಿದ್ದ ಕಿವಿ ಮುಚ್ಚಾಕ. ಈಗ ಮುಚ್ಚೋದೇನದ? ತಗೀರಿ ಅಣ್ಣಾರ. ಕಿವಿ ಹಿಂದ ಸಾವಕಾಶ.”

ಕೂದಲು ಮಡಿಲಿಗೆ ಬೀಳುತ್ತಿದ್ದಂತೆ ಅತ್ತವಳು ಅಕ್ಕ. “ಸುಮ್ನಿರು ಯವ್ವಾ, ಬೇಡಿಕೊಂಡಾಕಿ ನೀನ ಅಲ್ಲೇನು?” ಎಂದು ಮಗಳೇ ಸಮಾಧಾನ ಮಾಡಬೇಕಾಯಿತು.

ಮತ್ತೆ ಡ್ಯೂಟಿಗೆ ಹೊರಟ ದಿನ ನಾನು ಕೊಟ್ಟ ಸ್ಕಾರ್ಫನ್ನು ಅವಳು ಮೊಳೆಗೇ ತೂಗುಹಾಕಿ ನಡೆದಳು. ನಾನು ಶಾಲೆಗೆ ರಜೆ ಹಾಕಿ ಅದೇ ಬಸ್ಸು ಹತ್ತಿ ಕುಳಿತೆ. ಯಾರಾದರೂ ಒಂದು ಮಾತಾಡಲಿ, ಗ್ರಹಚಾರ ಬಿಡಿಸುತ್ತೇನೆ ಅಂತ. ಜನ ಮಾತಾಡಿದರು. “ಯಾವ ದೇವರಿಗೆ ಕೊಟ್ಟಿ ಯವ್ವಾ?” “ತಿರುಪತಿಗೆ ಹೋಗಿದ್ದಿರೇನ್ರಿ?” ಅವಳು ಎರಡೂ ಕೈಯಿಂದ ಟಿಕೆಟ್ಟು, ಚಿಲ್ಲರೆ ಕೊಡುತ್ತ, “ನಮ್ಮ ಓಣಿ ದುರಗಮ್ಮಗ” ಎಂದು ಎಲ್ಲರಿಗೂ ಹೇಳಿದಳು.

ರಾಯಚೂರಿನಲ್ಲಿ ಇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. “ಇಷ್ಟು ನೋವು ತಿಂದಿ. ಒಬ್ಬರಾದ್ರೂ ನಿನ್ನ ಕಿವಿ ನೋಡಿದರೇನು?”

ವಿಶಾಖಾ ಬೋಳುತಲೆ ಸವರಿಕೊಂಡಳು.

“ಒಬ್ಬರೂ ನೋಡಲಿಲ್ಲ ಚಿಗವ್ವಾ. ಅದಕ್ಕ ಅಲ್ಲೇನು ಮಾಡಿಸ್ಕೊಂಡಿದ್ದು?”