ಓಲೆಗೊಂದು ಪಟ, ಅಜ್ಜಿಗೊಂದು ಪಟ

ಮುಳಬಾಗಿಲಿನಲ್ಲಿ ಮೇಷ್ಟ್ರಾಗಿದ್ದಾಗ ನನಗೆ ಊರಿನ ಚರಿತ್ರೆ ಬರೆಯುವ ಹುಚ್ಚು ಹಿಡಿಯಿತು. ನಮ್ಮ ಬೀದಿಯ ಅಜ್ಜಿಯೊಬ್ಬರ ಮನೆಯಲ್ಲಿ ಕೆರೆ ಕಟ್ಟಿಸಿದವರ ಕತೆಯಿರುವ ಓಲೆಗರಿಯ ಕಟ್ಟೊಂದಿತ್ತು. ಓದು ಬಾರದಿದ್ದರೂ ವರ್ಷಕ್ಕೊಮ್ಮೆ, ಸರಸ್ವತಿ ಪೂಜೆಯ ದಿನ, ಅದಕ್ಕೆ ಎಣ್ಣೆ ಸವರಿ ಹುಳು ಹತ್ತದಂತೆ ಕಾಪಾಡಿದವರು ಅವರೇ. ಒಂದು ಓಲೆಯ ಫೋಟೋವನ್ನು ನನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಲು ಅಪ್ಪಣೆ ಕೇಳಿದೆ.

"ಓಲೆಗೊಂದು ಪಟ, ನನಗೊಂದು ಪಟ. ಎರಡೂ ಪುಸ್ತಕದಾಗೆ ಬರ್ಬೇಕು. ಬಂದ್ಮೇಲೆ ಉಳಿದ ಓಲೆ ಎಲ್ಲಾ ಓದ್ಕೊಳ್ಳಿ ಮೇಷ್ಟ್ರೇ" ಎಂದರು. ದುಡ್ಡಿನ ಮಾತೇ ಇಲ್ಲ! ನಾನು ಒಳಗೊಳಗೇ ಹಿಗ್ಗಿದೆ.

ಕೋಲಾರದಿಂದ ಬಂದ ಫೋಟೋ ಸಾಹೇಬರು ಪೆಟ್ಟಿಗೆ ತೆರೆದು ತಲೆ ಕೆರೆದುಕೊಂಡರು. "ಯುದ್ಧ ಶುರುವಾದ್ಮೇಲೆ ಫೋಟೋ ಹಿಡಿಯೋ ಗಾಜಿನ ಪ್ಲೇಟೇ ಸಿಗ್ತಿಲ್ಲ ಸ್ವಾಮಿ. ಇರೋದು ಒಂದೇ." ಕೊನೆಗೆ ಅಜ್ಜಿಯೇ ಓಲೆ ಹಿಡಿದು ಕೂರುವುದೆಂದಾಯಿತು. ಅಕ್ಷರ ಎದ್ದು ಕಾಣಲೆಂದು ಅವರು ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಹೆಬ್ಬೆರಳಿನಿಂದ ಓಲೆಗೆ ಉಜ್ಜಿ ಒರೆಸಿದರು. ಪಕ್ಕದ ಮನೆಯಿಂದ ಸರಿಗೆ ಸೀರೆ ತರಿಸಿ ಉಟ್ಟರು. "ನಗ್ಬೇಡಿ ಅಮ್ಮಾ, ಅಲ್ಲಾಡಿದ್ರೆ ಅಕ್ಷರ ಹೋಗ್ತವೆ" ಎಂದು ಸಾಹೇಬರು ಕಪ್ಪು ಬಟ್ಟೆಯೊಳಗಿನಿಂದ ಗೋಗರೆದಷ್ಟೂ ಅಜ್ಜಿಗೆ ನಗು ಉಕ್ಕುತ್ತಿತ್ತು. ನನ್ನ ಮುಖ ನೋಡಿದರೆ ನಗು ಬರುತ್ತದೆಂದು ನನ್ನನ್ನೇ ಹೊರಗೆ ಕಳಿಸಿದರು. ಆಮೇಲೆ ಫೋಟೋ ಆಯಿತು.

ಪಟ ಚೆನ್ನಾಗಿಯೇ ಬಂತು. ಕೆಟ್ಟದ್ದು ನನ್ನ ಬುದ್ಧಿ. ಘನವಾದ ಚರಿತ್ರೆಯ ಪುಸ್ತಕದಲ್ಲಿ ಅಜ್ಜಿಯೊಬ್ಬರು ಸರಿಗೆ ಸೀರೆಯುಟ್ಟು ನಗುತ್ತ ಕೂತರೆ ವಿದ್ವಾಂಸರು ಏನೆಂದಾರು? ಓಲೆಯಷ್ಟನ್ನೇ ಉಳಿಸಿ ಮಿಕ್ಕದ್ದು ಕತ್ತರಿಸಿ ಎಂದು, ಅಚ್ಚಿಗಾಗಿ ಫೋಟೋದ ಬ್ಲಾಕ್ ಮಾಡುವವರಿಗೆ ಬರೆದೆ. ಅಜ್ಜಿ ಕೇಳಿದರೆ ಪ್ರೆಸ್ಸಿನವರ ತಪ್ಪು ಎಂದರಾಯಿತು! ಓಲೆಯ ತುದಿಯಲ್ಲಿ ಮಸಿ ಹತ್ತಿದ ಹೆಬ್ಬೆರಳೊಂದು ಮಾತ್ರ ಉಳಿಯಿತು.

ಪುಸ್ತಕ ಬಂದ ದಿನವೇ ಕೊಂಡೊಯ್ದೆ. ಅಜ್ಜಿ ಆ ಪುಟವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ನಾನು ಪ್ರೆಸ್ಸಿನವರನ್ನು ಬೈಯಲು ಬಾಯಿ ತೆರೆದೆ.

"ನಮ್ಮ ಹೊಲ ಬರೆಸ್ಕೊಂಡೋನೂ ನನ್ನ ಹೆಬ್ಬೆಟ್ಟು ಸಾಕು ಅಂದಿದ್ದ ಮೇಷ್ಟ್ರೇ. ನಿಮಗೂ ಅಷ್ಟೇ ಸಾಕಾಯ್ತಾ?"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ಕಟ್ಟನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು ಬಂದು, ನನಗೊಂದು ಲೋಟ ಮಜ್ಜಿಗೆ ಕೊಟ್ಟರು. ಉಳಿದ ಓಲೆಗಳನ್ನು ನಾನು ಇವತ್ತಿಗೂ ಓದಿಲ್ಲ.