ಊರ ಹಿಂದಿನಿಂದ ಬಂದ ಹೊಳೆ

ಮದುವೆಯ ಹಿಂದಿನ ದಿನ ಮೂಗಿನ ತುದಿಯಿಂದ ಮೊಬೈಲ್ ಒತ್ತಿದವಳು ನಾನು. ನಗಬೇಡಿ. ಎರಡೂ ಕೈಗೆ ಮೊಣಕೈವರೆಗೆ ಮೆಹಂದಿ ಮೆತ್ತಿ, ಹಳದಿ ಬಟ್ಟೆ ತೊಡಿಸಿ, ಮದುಮಗಳು ಹೊಸ್ತಿಲು ದಾಟಬಾರದೆಂದು ಒಳಕೋಣೆಯಲ್ಲಿ ಕೂರಿಸಿದ್ದರು. ಹೊರಗೆ ಭೀಮೆ ಏರುತ್ತಿದ್ದಳು. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ನಕ್ಷೆ ನೋಡದೆ ನನಗೆ ಜೀವ ತಡೆಯುವುದಾದರೂ ಹೇಗೆ?

ಆ ನಕ್ಷೆಯಲ್ಲಿ ನನ್ನ ಬೆವರೂ ಇತ್ತು. ಬೇಸಿಗೆಯಲ್ಲಿ ಕಲಬುರಗಿಯಿಂದ ಒಂದು ತಂಡ ಬಂದು, ಅಫಜಲಪುರ ತಾಲ್ಲೂಕಿನ ಹೊಳೆದಂಡೆಯ ಊರುಗಳಲ್ಲಿ ನೆಲದ ಏರುತಗ್ಗು ಅಳೆಯಲು ಓದಿದ ಹುಡುಗಿಯರು ಬೇಕೆಂದಾಗ ನಾನೇ ಮೊದಲು ಕೈ ಎತ್ತಿದ್ದೆ. ಅಳತೆಯ ಕೋಲು ಹಿಡಿದು ಬಿಸಿಲಲ್ಲಿ ನಮ್ಮೂರ ಸಂದಿಗೊಂದಿ ಸುತ್ತಿದ್ದೆ. ಈಗ ಹೊಳೆ ಏರಿದಂತೆಲ್ಲ, ನೀರು ಎಲ್ಲಿಗೆ ಬಂದಿದೆ, ಇನ್ನು ಕೆಲವು ಗಂಟೆಗಳಲ್ಲಿ ಎಲ್ಲಿಗೆ ಬರುತ್ತದೆ ಎಂಬುದು ಮೊಬೈಲಿನಲ್ಲಿ ನೀಲಿಯಾಗಿ ಹರಡುತ್ತಿತ್ತು. ನಾನು ತುಳಿದ ಓಣಿಗಳೇ ಅಲ್ಲಿ ಗೆರೆಗಳಾಗಿದ್ದವು. ಎಷ್ಟು ಸಲ ನೋಡಿದರೂ ಹೆಮ್ಮೆ ತೀರುತ್ತಿರಲಿಲ್ಲ.

ಮೂಗಿನಿಂದ ಸರಿಸಿ ನೋಡಿದೆ. ಊರ ಮುಂದೆ, ಹೊಳೆ ದಂಡೆಯ ಮೇಲೆ, ನೀಲಿ ಇಲ್ಲ. ಊರ ಹಿಂದೆ, ಹಳ್ಳದ ಸೇತುವೆಯ ಮೇಲೆ, ಮಧ್ಯಾಹ್ನದ ಹೊತ್ತಿಗೆ ನೀಲಿಯೋ ನೀಲಿ. ತುಂಬಿದ ಹೊಳೆ ಹಳ್ಳದ ಬಾಯೊಳಗೇ ಹಿಂದಕ್ಕೆ ನುಗ್ಗುತ್ತಿತ್ತು. ಊರಿಂದ ಹೊರಹೋಗಲು ಇರುವುದು ಅದೊಂದೇ ಸೇತುವೆ. ಮರುದಿನ ಜೇವರ್ಗಿಯಿಂದ ಗಂಡಿನವರು ಬರಬೇಕಾದದ್ದೂ ಅದರ ಮೇಲೆಯೇ. ಅದು ಮುಳುಗಿದರೆ ಅವರು ಆಚೆ, ನಾನು ಈಚೆ, ಮದುವೆ ನೀರಲ್ಲಿ. ಮಳೆಗಾಲದಲ್ಲಿ ಯಾರಾದರೂ ಮದುವೆ ಇಟ್ಟುಕೊಳ್ಳುತ್ತಾರಾ ಎಂದು ಕೇಳಬೇಡಿ. ಬಸ್ ಓಡಿಸುವ ನನ್ನ ಗಂಡನಿಗೆ ರಜೆ ಸಿಕ್ಕಿದ್ದೇ ಆಗ. ಅದು ತಪ್ಪಿದರೆ ಮತ್ತೆ ಯಾವಾಗಲೋ, ಖುದಾನೇ ಬಲ್ಲ.

ಅಬ್ಬಾ ಮಾತ್ರ ಊರ ಗಂಡಸರೊಂದಿಗೆ ದಂಡೆಯಲ್ಲಿ ಎಮ್ಮೆಗುಂಡಿನ ಮುಂದೆ ಕುಳಿತಿದ್ದರು. ಅದು ಮಲಗಿದ ಎಮ್ಮೆಯಂಥ ಕರಿ ಬಂಡೆ. ಅದರ ಬೆನ್ನು ತೋಯುವವರೆಗೆ ನಮ್ಮೂರಲ್ಲಿ ಯಾರೂ ಚಾಪೆ ಸುತ್ತುವುದಿಲ್ಲ, ಅದು ಅಜ್ಜಂದಿರ ಲೆಕ್ಕ. ಅಂದು ನೀರು ಇನ್ನೂ ಎಮ್ಮೆಯ ಹೊಟ್ಟೆ ಮುಟ್ಟಿರಲಿಲ್ಲ. ನಾನು ಹೇಳಿ ಕಳಿಸಿದೆ, ಬರಲಿಲ್ಲ. ಅಬ್ಬಾನ ಅಕ್ಕ, ನನ್ನ ಫುಪ್ಪುವನ್ನೇ ಅಟ್ಟಿದೆ. ಅವರ ಮಾತು ಮೀರುವ ಧೈರ್ಯ ಅಬ್ಬಾನಿಗಿಲ್ಲ. ಬಂದು ಬಾಗಿಲಲ್ಲೇ ನಿಂತರು. ಮನೆಯಲ್ಲಿ ಉರ್ದು ಆಡುವ ಅವರು ಹೊಲ, ಹೊಳೆ, ಸಿಟ್ಟು ಮೂರಕ್ಕೂ ಕನ್ನಡವನ್ನೇ ಇಟ್ಟುಕೊಂಡವರು.

"ಹೊಳಿ ಮುಂದ ಅದ, ನೀ ಹಿಂದ ತೋರಸಾಕತ್ತಿ. ಮದುಮಗಳು ಸುಮ್ಮ ಕುಂದ್ರಬೇಕ್ ನೋಡು."

ನಾನು ಸುಮ್ಮನೆ ಕೂರುವ ಜಾತಿಯವಳಾಗಿದ್ದರೆ ಮಾತೇನಿತ್ತು!

"ನಕಾಶಿ ನಂಬಬ್ಯಾಡ್ರಿ ಅಬ್ಬಾ. ಹಳ್ಳದಾಗ ಒಂದು ಕಣಕಿ ಒಗದು ನೋಡ್ರಿ. ಅದು ಹೊಳಿ ಕಡೆ ಹೋದ್ರ ನಾ ಬಾಯಿ ಮುಚ್ಚತೇನಿ."

ಗೊಣಗುತ್ತಲೇ ಹೋದರು. ಹಿತ್ತಲ ಕಿಟಕಿಯಿಂದ ನನಗೆ ಹಳ್ಳ ಕಾಣುತ್ತಿತ್ತು. ಬಣವೆಯಿಂದ ಹಿರಿದ ಜೋಳದ ದಂಟನ್ನು ಅಬ್ಬಾ ನೀರಿಗೆ ಎಸೆದರು. ಅದು ನಿಂತಲ್ಲೇ ಒಂದು ಸುತ್ತು ತಿರುಗಿ, ಹೊಳೆಗೆ ಬೆನ್ನು ಹಾಕಿ ಹೊಲಗಳ ಕಡೆ ಹೊರಟಿತು. ಇನ್ನೊಂದು ಎಸೆದರು. ಅದೂ ಹಿಂದಿನದರ ಬೆನ್ನು ಹಿಡಿಯಿತು. ಭಯಪಡಬೇಕಾದ ಹೊತ್ತಿನಲ್ಲಿ ನನಗೆ ಕುಣಿಯಬೇಕೆನಿಸಿತು, ನಮ್ಮ ನಕ್ಷೆ ನಿಜ ಹೇಳಿತ್ತು! ಅಬ್ಬಾ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಓಡುತ್ತಲೇ ಹಿಂದಿನ ಓಣಿಯವರಿಗೆಲ್ಲ ದನ ಬಿಚ್ಚಲು ಕೂಗಿ ಹೇಳಿದರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮದುವೆಯನ್ನು ಟ್ರ್ಯಾಕ್ಟರಿಗೆ ಹೇರಿ ನೋಡು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಿರಿಯಾನಿಯ ಹಂಡೆಗಳು, ಅಕ್ಕಿ ಚೀಲ, ಎರಡು ಆಡು, ಅಬ್ಬಾನ ತಾಯಿ ದಾದಿ, ಅವರ ಎಲೆಅಡಿಕೆ ಡಬ್ಬಿ, ಎಲ್ಲ ಏರಿದವು. ಹೊಸ್ತಿಲು ದಾಟಬಾರದ ನಾನು ಅಕ್ಕಿ ಚೀಲದ ತುದಿಯಲ್ಲಿ, ಮೆಹಂದಿ ಕೆಡದಂತೆ ಎರಡೂ ಕೈ ಮೇಲೆತ್ತಿ ಕುಳಿತಿದ್ದೆ. ಸೇತುವೆಯ ಮೇಲೆ ಆಗಲೇ ನೀರಿನ ತೆಳ್ಳನೆಯ ಹಾಳೆ ಹರಿದಾಡುತ್ತಿತ್ತು. ಗಾಲಿ ದಾಟುವಾಗ ಎಲ್ಲರೂ ಕಣ್ಣು ಮುಚ್ಚಿದರು, ನಾನೊಬ್ಬಳೇ ಕಣ್ತುಂಬ ನೋಡಿದೆ.

ಸೇತುವೆಯಾಚೆಯ ಚೌಡಾಪುರದಲ್ಲಿ ಅಬ್ಬಾನ ತೊಗರಿ ಕೊಳ್ಳುವ ಸಾಹುಕಾರರು ರಸ್ತೆ ಬದಿಯ ಗೋದಾಮು ಬಿಟ್ಟುಕೊಟ್ಟರು. ಮರುದಿನ ಚೀಲಗಳ ನಡುವೆ ನಿಕಾಹ್ ಆಯಿತು. ಅಷ್ಟರಲ್ಲಿ ಸೇತುವೆ ಪೂರ್ತಿ ಮುಳುಗಿತ್ತು. ಎಮ್ಮೆಗುಂಡಿನ ಬೆನ್ನು ಮಾತ್ರ ಇನ್ನೂ ಒಣಗಿಯೇ ಇತ್ತಂತೆ.

ಕಳಿಸಿಕೊಡುವಾಗ ಅಬ್ಬಾ ತಲೆಯ ಮೇಲೆ ಕೈಯಿಟ್ಟರು. ದುವಾ ಹೇಳುತ್ತಾರೆಂದುಕೊಂಡೆ. ಇನ್ನು ಮೇಲೆ ಹೊಳೆ ಬಂದರೆ ನಮಗೆ ಯಾರು ನೋಡಿ ಹೇಳುತ್ತಾರೆ ಎಂದು ಕೇಳಿದರು. ಅಲ್ಲಿಯವರೆಗೆ ಕಣ್ಣು ಒದ್ದೆ ಮಾಡದವಳು ಬಿಕ್ಕಿಬಿಕ್ಕಿ ಅತ್ತೆ.

ಈಗ ನಾನು ಜೇವರ್ಗಿಯ ಸೊಸೆ. ಮಳೆಗಾಲ ಬಂತೆಂದರೆ ತವರಿನ ನಕ್ಷೆ ನೋಡುತ್ತ ಹಂಚಿನ ಮೇಲಿನ ರೊಟ್ಟಿ ಸೀಯಿಸುತ್ತೇನೆ, ಅತ್ತೆ ಆಡಿಕೊಳ್ಳುತ್ತಾರೆ. ಕಳೆದ ಮಳೆಗಾಲದಲ್ಲಿ ಹಳ್ಳಕ್ಕೆ ನೀಲಿ ಹತ್ತುವುದು ಕಂಡಾಕ್ಷಣ ಫೋನ್ ಹಚ್ಚಿದೆ. ದಂಡೆ ಬಿಟ್ಟು ಮೊದಲು ಊರ ಹಿಂದೆ ಹೋಗಿ ಎಂದೆ. ಆ ಕಡೆಯಿಂದ ನೀರಿನ ಸದ್ದು ಕೇಳಿತು.

"ಹಿಂದೇ ನಿಂತೇನಿ ಬೇಟಿ, ಕೈಯಾಗ ಕಣಕಿ ಹಿಡಕೊಂಡು. ನಿನ್ನ ಫೋನಿನ ದಾರೀನ ನೋಡಾಕತ್ತಿದ್ದೆ."