ಗದ್ದೆಗೆ ಬಿದ್ದ ಲಿಂಗ

ನಾವು ಮೂವರು ಆ ಹೋಟೆಲಿಗೆ ಹೋದದ್ದು ಬರೀ ಮಲಗಾಕ. ನಾನು ಎಮ್ಮೆ ಕಟ್ಟಿ ಹಾಲು ಹಾಕುವಾಕಿ, ಇನ್ನೊಬ್ಬಾಕಿ ಜಂಪರ್ ಹೊಲಿಯುವಾಕಿ, ಮೂರನೆಯವಳು ಅಕ್ಕಿ ಗಿರಣಿಯವರ ಮನೆಯಾಕಿ. ಕಂಪ್ಲಿಯಲ್ಲಿ ಒಂದೇ ಓಣಿ. ಯಾರೂ ಹಗಲು ಹೊತ್ತು ಮೈ ಚಾಚಿದವರಲ್ಲ. ಗಿರಣಿಯಾಕಿಯ ಮಗಳು ಫೋನಿನಲ್ಲೇ ರೂಮ್ ಹಿಡಿದು, "ಶನಿವಾರ ಐತವಾರ ಯಾರೂ ಒಲಿ ಹಚ್ಚಬ್ಯಾಡ್ರಿ, ಹೋಗಿ ಬಿದ್ಕೊಳ್ರಿ" ಅಂದಳು. ಹಂಪಿ ಕಡೆ, ಬುಕ್ಕಸಾಗರದ ಹತ್ತಿರ, ಭತ್ತದ ಗದ್ದೆಗಳ ನಡುವೆ ಹೋಟೆಲು.

ಮೊದಲನೇ ದಿನ ಚಲೋ ಇತ್ತು. ಹಾಸಿಗೆ ಎಷ್ಟು ಮೆತ್ತಗೆ ಅಂದರೆ ಹೊಲಿಗೆಯಾಕಿ ಕುಂತವಳು ಏಳಲಾರದೆ, "ಯಕ್ಕಾ, ಕೈ ಕೊಡ್ರಿ, ಕೆಸರಾಗ ಎಮ್ಮಿ ಸಿಕ್ಕಂಗ ಸಿಕ್ಕೀನಿ" ಅಂದಳು.

"ನಮ್ಮ ಎಮ್ಮಿ ಸುದ್ದಿಗೆ ಬರಬ್ಯಾಡ, ಅದು ನಿನಗಿಂತ ಹಗುರ ಐತಿ" ಅಂದೆ.

ಸಂಜೆ ತನಕ ತಿಂದೆವು, ಮಲಗಿದೆವು, ಓಣಿಯವರನ್ನೆಲ್ಲ ಆಡಿಕೊಂಡೆವು.

ಐತವಾರ ಬೆಳಿಗ್ಗೆ ಗಿರಣಿಯಾಕಿ ಜಳಕ ಮಾಡಿ ಹೊಟ್ಟೆಗೆ ಸೂಜಿ ಚುಚ್ಚಿಕೊಂಡಳು. ಆಕೆಗೆ ಸಕ್ಕರೆ ಬ್ಯಾನಿ. ಸೂಜಿ ಹಾಕಿಕೊಂಡ ಅರ್ಧ ತಾಸಿನೊಳಗೆ ಉಣ್ಣಬೇಕು, ಇಲ್ಲಾಂದರೆ ಮೈಯಲ್ಲಿನ ಸಕ್ಕರೆ ಪೂರಾ ಇಳಿದು ಜೀವಕ್ಕೇ ಬರುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಆದರೆ ಆಕೆ ಲಿಂಗ ಕಟ್ಟಿದವಳು. ಕೊರಳ ಕರಡಿಗೆಯಿಂದ ಲಿಂಗ ತೆಗೆದು, ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಹನಿ ನೀರೂ ಹಾಕುವುದಿಲ್ಲ. ಪೂಜೆ ಮುಗಿಸಿ ಸೂಜಿ ಹಾಕ್ಕೋ ಅಂದರೆ, "ಸೂಜಿ ಬಾಯಿಲೆ ಹೋಗಂಗಿಲ್ಲಲ್ಲ, ಅದಕ್ಯಾಕ ಅಡ್ಡಿ?" ಅನ್ನುತ್ತಿದ್ದಳು. ಮನೆಯಲ್ಲಿ ಪೂಜೆ ಮುಗಿಯುವ ಹೊತ್ತಿಗೆ ಸೊಸೆ ಬಿಸಿ ರೊಟ್ಟಿ ಇಟ್ಟಿರುತ್ತಾಳೆ. ಹಂಗಾಗಿ ಇಷ್ಟು ವರ್ಷ ನಡೆದಿತ್ತು.

ಅವತ್ತು ಹೊಳೆ ಕಾಣುತ್ತದೆ ಅಂತ ಬಾಲ್ಕನಿಯಲ್ಲಿ ಕುಂತಳು. ಮುಂದೆ ವಿಭೂತಿ, ನೈವೇದ್ಯಕ್ಕೆ ಒಂದು ಬಾಳೆಹಣ್ಣು. ಹಂಪಿ ಸೀಮೆಯಲ್ಲಿ ಬಯಲಿಗೆ ಬಾಳೆಹಣ್ಣು ಇಡಬಾರದು ಅನ್ನುವುದು ಮೂವರಿಗೂ ಹೊಳೆಯಲಿಲ್ಲ. ಮೇಲಿಂದ ಮಂಗ ಜಿಗಿಯಿತು, ಹಣ್ಣು ಕಸಿದು ಹೋಯಿತು. ಆಕೆ ಬೆಚ್ಚಿ ಕೈ ಕೊಡವಿದಳು. ಅಂಗೈಯ ಲಿಂಗ ಕಂಬಿ ದಾಟಿ ಕೆಳಗಿನ ಗದ್ದೆಗೆ ಬಿತ್ತು. ಹೊಸದಾಗಿ ನಾಟಿ ಮಾಡಿದ ಗದ್ದೆ, ಬರೀ ನೀರು, ಕೆಸರು. ಗುಳುಕ್ ಅಂದದ್ದು ನನಗೂ ಕೇಳಿಸಿತು.

ಓಡಿದೆ. ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ನಾಟಿಗೆ ಹೋಗುತ್ತಿದ್ದ ಕಾಲದಲ್ಲಿ ಕಾಲುಂಗುರ ಕಳಕೊಂಡವರಿಗೆ ಕಾಲಿನಿಂದಲೇ ತಡಕಿ ಹುಡುಕಿ ಕೊಟ್ಟೀನಿ. ಆದರೆ ಮೇಲಿಂದ ಆಕೆ ಒಂದೇ ಸಮನೆ ಕೂಗುತ್ತಿದ್ದಳು: "ಲೇ, ತುಳೀಬ್ಯಾಡಲೇ! ಕಾಲು ಹಚ್ಚಬ್ಯಾಡ, ಕೈಲೆ ನೋಡು!"

ಬಗ್ಗಿ ಕೈಯಿಂದ ನೋಡಿದೆ. ತಡಕಿದಷ್ಟೂ ಸಸಿಯ ಬೇರು, ಹರಳು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಕೂಗು ನಿಂತಿತು. ಅದು ನಿಂತದ್ದಕ್ಕೇ ನನಗೆ ಹೆದರಿಕೆ ಹತ್ತಿತು. ನಮ್ಮ ಓಣಿಯಲ್ಲಿ ಒಬ್ಬ ಮುದುಕ ಹಿಂಗೇ ಸೂಜಿ ಹಾಕಿಕೊಂಡು ಉಣ್ಣದೆ ಮಲಗಿದವನು ಏಳಲೇ ಇಲ್ಲ. ತಲೆ ಎತ್ತಿದರೆ ಕಂಬಿಯ ಹತ್ತಿರ ಹೊಲಿಗೆಯಾಕಿಯ ಮುಖ ಒಂದೇ ಇತ್ತು.

"ಯಕ್ಕಾ, ಜಲ್ದಿ ಬರ್ರಿ! ಮೈಯೆಲ್ಲ ಬೆವತಾಳ, ಏನೇನೋ ಮಾತಾಡಾಕ ಹತ್ಯಾಳ. ಸಕ್ಕರಿ ಹಾಕ್ತೀನಂದ್ರ ಬಾಯಿ ಬಿಡವಲ್ಲಳು!"

ಆಗ ನನ್ನ ಕೈಯಲ್ಲಿ ಒಂದು ದುಂಡನೆ ಕರಿ ಹರಳು ಇತ್ತು. ಚೆಲ್ಲಲಿಲ್ಲ. ಮೆಟ್ಟಿಲು ಹತ್ತುತ್ತ ಸೆರಗಿನಲ್ಲಿ ಒರೆಸಿಕೊಂಡೆ.

ಆಕೆ ನೆಲದ ಮೇಲೆ ಗೋಡೆಗೆ ಒರಗಿದ್ದಳು. ಬೆವರಿಗೆ ಸೀರೆ ಮೈಗಂಟಿತ್ತು. ಕಣ್ಣು ಎಲ್ಲೋ ಇತ್ತು, ಹಲ್ಲು ಕಚ್ಚಿದ್ದಳು. ಹೋಟೆಲಿನವರು ಡಾಕ್ಟರಿಗೆ ಫೋನ್ ಹಚ್ಚಿದ್ದರು, ಅವರು ಹೊಸಪೇಟೆಯಿಂದ ಬರಬೇಕು. ಸಾವು ನಾನು ನೋಡದ್ದಲ್ಲ, ಗಂಡನದೂ ನೋಡೀನಿ, ಇಷ್ಟು ಹೆದರಿರಲಿಲ್ಲ. ಇಲ್ಲಿ ಔಷಧ ಕಣ್ಣ ಮುಂದೆ ಇತ್ತು. ಚಹಾದ ತಟ್ಟೆಯಲ್ಲಿ ಸಣ್ಣ ಸಣ್ಣ ಪೊಟ್ಟಣದ ಸಕ್ಕರೆ. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಲಿಂಗ ಸುತ್ತುವ ಬಟ್ಟೆಯಲ್ಲಿ ಹರಳು ಸುತ್ತಿ ಆಕೆಯ ಅಂಗೈಗೆ ಒತ್ತಿದೆ. "ಯಕ್ಕಾ, ಸಿಕ್ತು. ಹಿಡಿ."

ಬೆರಳು ಮಡಚಿದಳು. ಕಣ್ಣಿಗೆ ಒತ್ತಿಕೊಳ್ಳಾಕ ಹೋದಳು, ಕೈ ಅರ್ಧಕ್ಕೇ ಬಿತ್ತು. ನಾನೇ ಹಿಡಿದು ಒತ್ತಿಸಿದೆ.

"ಪೂಜಿ..." ಅಂದಳು.

"ಆತು, ಶರಣು ಮಾಡಿದಿ. ಬಾಯಿ ತಗಿ."

ತೆಗೆದಳು. ಸಕ್ಕರೆಯನ್ನು ಬೆರಳಿನಿಂದ ಗಲ್ಲದ ಒಳಗೆ ತಿಕ್ಕಿದೆ. ಕೆಸರಿನ ಬೆರಳು. ತೊಳೆಯಲು ಹೊತ್ತಿರಲಿಲ್ಲ. ಹೊಲಿಗೆಯಾಕಿ ಅಳಾಕ ಹತ್ತಿದ್ದಳು. "ಅಳೂದಿದ್ರ ಹೊರಗ ಹೋಗು, ಇಲ್ಲಾಂದ್ರ ನೀರಾಗ ಸಕ್ಕರಿ ಕದಡು" ಅಂದೆ. ಕದಡಿದಳು. ನಾನು ಗಿರಣಿಯಾಕಿಯ ಗಂಟಲನ್ನೇ ನೋಡುತ್ತ ಕುಂತೆ. ಗಂಟಲು ಆಡಿತು. ಇನ್ನೊಮ್ಮೆ ಆಡಿತು. ಸ್ವಲ್ಪ ಹೊತ್ತಿಗೆ ಆಕೆಯ ಕಣ್ಣು ನನ್ನ ಮುಖಕ್ಕೆ ಬಂತು.

ಎಚ್ಚರ ಬಂದದ್ದೇ ಮೊದಲು ಮುಷ್ಟಿ ಬಿಚ್ಚಿದಳು. ಸಣ್ಣಂದಿನಿಂದ ಹಿಡಿದ ಕೈ, ಗೊತ್ತಾಗದೆ ಇರುತ್ತದೇನು?

"ಇದು ನಂದಲ್ಲ."

"ಅಲ್ಲ. ಗದ್ದಿ ಹರಳು."

"ಲಿಂಗ ಅಂತ ಸುಳ್ಳು ಹೇಳಿ ಬಾಯಿಗೆ ಹಾಕಿದಿ?"

"ಹಾಕಿದೆ. ಬೈಯೂದಿದ್ರ ಬೈಯಿ. ಬೈಯಾಕರ ಜೀವ ಬೇಕಲ್ಲ."

ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಬಾಯಿ ಮುಚ್ಚಿ ಗೋಡೆ ಕಡೆ ತಿರುಗಿದಳು. ಸೂಜಿ ಇನ್ನೂ ಮೈಯಲ್ಲಿ ಕೆಲಸ ಮಾಡುತ್ತಿತ್ತು, ಹೊಟ್ಟೆಗೆ ಹೋದ ಸಕ್ಕರೆ ಸಾಲುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೊಲಿಗೆಯಾಕಿ ಲೋಟ ಹಿಡಿದು ನಿಂತಿದ್ದಳು. ಇನ್ನೊಂದು ಸುಳ್ಳು ನನ್ನ ಹತ್ತಿರ ಇರಲಿಲ್ಲ.

ಹೋಟೆಲಿನ ಕೆಲಸದವರು ಗದ್ದೆಗೆ ಇಳಿದು ಹುಡುಕುವ ಸದ್ದು ಕೇಳುತ್ತಿತ್ತು. ಆಕೆಯೂ ಅದನ್ನೇ ಕೇಳುತ್ತಿದ್ದಳು. "ಸಿಕ್ಕತೇನು?" ಅಂದಳು.

ಎದ್ದು ಹೋಗಿ ಕಂಬಿಯ ಹತ್ತಿರ ನಿಂತು ನೋಡಿದೆ. "ಇಲ್ಲ."

"ಕಂಪ್ಲಿಗೆ ಫೋನ್ ಹಚ್ಚು. ಅಯ್ಯನೋರು ಬಂದು ಬ್ಯಾರೆ ಲಿಂಗ ಕೊಡಲಿ." ಆಮೇಲೆ ಹೊಲಿಗೆಯಾಕಿ ಕಡೆ ಕೈ ಚಾಚಿದಳು. "ಅವರು ಬರೋತನ ನಾ ಇರಬೇಕಲ್ಲ. ಕೊಡು ಇಲ್ಲಿ. ಈಕಿ ಕೈಲೆ ಬ್ಯಾಡ."

ಕುಡಿದಳು. ಲೋಟ ಖಾಲಿ ಆಗುವ ತನಕ ನಾನು ಅಲ್ಲಿಂದ ಅಲುಗಲಿಲ್ಲ. ಆಮೇಲೆ ಕೈ ತೊಳೆಯಾಕ ಹೋದೆ.